ಮಾಯಮ್ಮನ ಪೇಪರ್ ಪಾಲು

ಕಟ್ಟೆಮಳಲವಾಡಿಯ ಮಾಯಮ್ಮ ಹೋದ ಕಾರ್ತಿಕದಲ್ಲಿ ಬದುಕಿದ್ದ ಮನುಷ್ಯನೊಬ್ಬನನ್ನು ಸಾಯಿಸಿಬಿಟ್ಟಳು. ಮಹದೇವಪ್ಪನ ಹೊಗೆಸೊಪ್ಪಿನ ಶೆಡ್ಡಿನಲ್ಲಿ, ಹನ್ನೊಂದು ಜನ ಹೆಂಗಸರ ಎದುರಿಗೆ, ಹಾಡಹಗಲೇ. ಆಗ ಅವಳ ಕೈಯಲ್ಲಿದ್ದದ್ದು ನಾಲ್ಕು ಪುಟದ ಒಂದು ಪತ್ರಿಕೆ.

ಅದು ಹೇಗಾಯಿತೆಂದು ತಿಳಿಯಬೇಕಾದರೆ ಆ ಶೆಡ್ಡಿನ ಕ್ರಮವನ್ನು ಮೊದಲು ತಿಳಿಯಬೇಕು. ಬ್ಯಾರನ್ ಎಂಬ ಒಣಗಿಸುವ ಮನೆಯ ಶಾಖದಲ್ಲಿ ಹದವಾಗಿ ಒಣಗಿದ ಹೊಗೆಸೊಪ್ಪು ಅಲ್ಲಿಗೆ ರಾಶಿಯಾಗಿ ಬರುತ್ತದೆ. ಹೆಂಗಸರು ಸಾಲಾಗಿ ಕೂತು ಒಂದೊಂದೇ ಎಲೆಯನ್ನು ಬೆಳಕಿಗೆ ಹಿಡಿದು, ನಿಂಬೆಹಣ್ಣಿನ ಬಣ್ಣದ್ದು, ಕಿತ್ತಳೆಯದ್ದು, ಕಂದು, ಹಸಿರು ಬೆರೆತದ್ದು ಎಂದು ಬೇರೆ ಬೇರೆ ಗುಡ್ಡೆ ಮಾಡುತ್ತಾರೆ. ಬಲ್ಬಿನ ಬೆಳಕಿನಲ್ಲಿ ಎಲೆಯ ಬಣ್ಣ ಮೋಸ ಮಾಡುತ್ತದೆ, ನೇರ ಬಿಸಿಲಿನಲ್ಲೂ ಮೋಸ ಮಾಡುತ್ತದೆ. ಆದ್ದರಿಂದ ಶೆಡ್ಡಿಗೆ ಉತ್ತರದ ಕಡೆ ಮಾತ್ರ ದೊಡ್ಡ ಕಿಟಕಿಗಳು. ಈ ಕೆಲಸ ಕಣ್ಣನ್ನೂ ಬೆರಳನ್ನೂ ಪೂರ್ತಿ ಕೇಳುತ್ತದೆ. ಕಿವಿ ಮಾತ್ರ ದಿನವಿಡೀ ಖಾಲಿ.

ಆ ಖಾಲಿ ಕಿವಿಯೊಳಗೆ ಪತ್ರಿಕೆ ಬಂದದ್ದು ಇಪ್ಪತ್ತೆರಡು ವರ್ಷದ ಹಿಂದೆ. ಯಾರೋ ಬೋಂಡಾ ಕಟ್ಟಿಸಿಕೊಂಡು ಬಂದಿದ್ದ ಕಾಗದವನ್ನು ಮಾಯಮ್ಮ ಬಿಡಿಸಿ, ಎಣ್ಣೆ ಹತ್ತದ ಭಾಗವನ್ನು ಸುಮ್ಮನೆ ಓದಿದಳು. ಎಚ್.ಡಿ. ಕೋಟೆಯ ಕಡೆಯಿಂದ ಸೊಸೆಯಾಗಿ ಬಂದಿದ್ದ ಅವಳು ಏಳನೇ ತರಗತಿ ಪಾಸಾದವಳು. ಆ ಸಾಲಿನಲ್ಲಿ ಓದು ಬರುತ್ತಿದ್ದದ್ದು ಅವಳೊಬ್ಬಳಿಗೇ. ಆನೆಯೊಂದು ರಾಗಿ ಹೊಲಕ್ಕೆ ನುಗ್ಗಿ ಕಾವಲುಗಾರನ ಅಟ್ಟಣೆಯ ಕಾಲಿಗೆ ಸೊಂಡಿಲು ಸುತ್ತುವಲ್ಲಿಗೆ ಕಾಗದ ಹರಿದುಹೋಗಿತ್ತು. "ಆಮೇಕೇನಾಯ್ತು?" ಎಂದು ಹನ್ನೊಂದು ಜನವೂ ಒಟ್ಟಿಗೆ ಕೇಳಿದರು. ಆಮೇಲೇನಾಯಿತೆಂದು ಯಾರಿಗೂ ಗೊತ್ತಿರಲಿಲ್ಲ. ಮಾರನೇ ದಿನ ಶೆಡ್ಡಿನ ಮೇಸ್ತ್ರಿ ತಿಮ್ಮಯ್ಯ ಒಂದು ಪೂರ್ತಿ ಪತ್ರಿಕೆಯನ್ನೇ ಕೊಂಡುತಂದು ಮಾಯಮ್ಮನ ಮಡಿಲಿಗೆ ಹಾಕಿದ.

ಅದು 'ನಾಲ್ಕೂರ ಸುದ್ದಿ'. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ತಾಲ್ಲೂಕಿಗೆ ಒಂದು ಪುಟ. ಹುಣಸೂರಿನಲ್ಲಿ ಅಚ್ಚಾಗಿ ಹತ್ತೂಮುಕ್ಕಾಲರ ಬಸ್ಸಿನಲ್ಲಿ ಊರಿಗೆ ಬರುತ್ತದೆ. ಓದುವ ಕೈ ಎಲೆ ಆರಿಸುವುದಿಲ್ಲವಲ್ಲ, ಸಂಜೆ ತೂಕ ಹಾಕುವಾಗ ಮಾಯಮ್ಮನದು ಕಡಿಮೆ ಬಂದರೆ? ಅದಕ್ಕೂ ತಿಮ್ಮಯ್ಯನೇ ದಾರಿ ಮಾಡಿದ. ಪ್ರತಿ ಹೆಂಗಸೂ ತಾನು ಆರಿಸಿದ್ದರಲ್ಲಿ ಒಂದು ಹಿಡಿಯನ್ನು ಮಾಯಮ್ಮನ ಗುಡ್ಡೆಗೆ ಹಾಕಬೇಕು. ಹನ್ನೊಂದು ಜನ, ಹನ್ನೊಂದು ಹಿಡಿ. ಅದಕ್ಕೆ 'ಪೇಪರ್ ಪಾಲು' ಎಂದು ಹೆಸರು ಬಿತ್ತು. ತಿಮ್ಮಯ್ಯ ವಯಸ್ಸಾಗಿ ಕೆಲಸ ಬಿಟ್ಟು ಕಂಪಲಾಪುರದಲ್ಲಿ ಮಗಳ ಮನೆ ಸೇರಿದ ಮೇಲೂ ಪಾಲು ನಿಲ್ಲಲಿಲ್ಲ.

ಓದುವುದಕ್ಕೂ ಒಂದು ಕ್ರಮವಿತ್ತು. ಮೊದಲು ಕೊನೆಯ ಪುಟದ ಕೆಳಗಿನ ಚೌಕಗಳು: ನಿಧನ, ಉತ್ತರಕ್ರಿಯೆ, ಪುಣ್ಯಸ್ಮರಣೆ. ಯಾರ ಮನೆಗೆ ಹೋಗಬೇಕು, ಯಾವ ದಿನ ಹೋಗಬೇಕು ಎಂಬುದು ಅಲ್ಲಿಂದಲೇ ತೀರ್ಮಾನವಾಗುತ್ತಿತ್ತು. ಆಮೇಲೆ ಆನೆ, ಚಿರತೆ. ಆಮೇಲೆ ಮಳೆ, ಕರೆಂಟು, ಹರಾಜಿನ ದರ. ರಾಜಕೀಯ ಕೊನೆಗೆ, ಹೊತ್ತು ಮಿಕ್ಕಿದ್ದರೆ.

ಎರಡು ವರ್ಷದಿಂದ ಮಾಯಮ್ಮನ ಕಣ್ಣಿನ ನಡುಭಾಗ ಮಸುಕಾಗಿತ್ತು. ಸಕ್ಕರೆ ಕಾಯಿಲೆ ಕಣ್ಣಿನ ಹಿಂಬದಿಯ ಪರದೆಯನ್ನು ಕೆಡಿಸಿತ್ತು. ಎಲೆಯ ಬಣ್ಣ ಕಾಣುತ್ತಿತ್ತು, ಏಕೆಂದರೆ ಎಲೆ ದೊಡ್ಡದು. ಅಕ್ಷರ ಸಣ್ಣದು. ಇದನ್ನು ಅವಳು ಗಂಡ ಸಣ್ಣಬೀರಯ್ಯನಿಗೂ ಹೇಳಲಿಲ್ಲ. ದಪ್ಪ ಅಕ್ಷರದ ತಲೆಬರಹವನ್ನು ಓದಿ, ಕೆಳಗಿನದನ್ನು ಅಂದಾಜಿನಲ್ಲಿ ಕಟ್ಟುತ್ತಿದ್ದಳು. ಇಪ್ಪತ್ತು ವರ್ಷದ ಅನುಭವವಿದ್ದವಳಿಗೆ ಅದು ಕಷ್ಟವೇನಲ್ಲ. ರಸ್ತೆ ಗುಂಡಿಯ ಸುದ್ದಿಯಾಗಲಿ, ಬೀದಿದೀಪದ್ದಾಗಲಿ, ಕೊನೆಗೆ "ಸಂಬಂಧಪಟ್ಟ ಅಧಿಕಾರಿಗಳು ಇತ್ತ ಗಮನ ಹರಿಸಬೇಕೆಂದು ಗ್ರಾಮಸ್ಥರು ಒತ್ತಾಯಿಸಿದ್ದಾರೆ" ಎಂದು ಮುಗಿಸಿದರೆ ಹತ್ತರಲ್ಲಿ ಒಂಬತ್ತು ಸಲ ಸರಿಹೋಗುತ್ತಿತ್ತು.

ಹತ್ತನೆಯ ಸಲ ತಿಮ್ಮಯ್ಯ ಸತ್ತ.

ಚೌಕದಲ್ಲಿ ಹಾರ ಹಾಕಿದ ಒಂದು ಪಟ. ಬಿಳಿ ಮೀಸೆ, ತಲೆಗೆ ಪೇಟ, ಮೇಸ್ತ್ರಿಯ ಮುಖವೇ. ಕೆಳಗೆ ದಪ್ಪಕ್ಷರದಲ್ಲಿ 'ತಿಮ್ಮಯ್ಯ, ಕಂಪಲಾಪುರ'. ನಡುವಿನ ಸಣ್ಣ ಅಕ್ಷರಗಳು ಮಾಯಮ್ಮನಿಗೆ ಇರುವೆಯ ಸಾಲಿನಂತೆ ಕಂಡವು. ಅವಳು ಪತ್ರಿಕೆಯನ್ನು ಕೆಳಗಿಟ್ಟಳು. "ಅಯ್ಯೋ, ನಮ್ ಮೇಸ್ತ್ರಿ ಓಗ್ಬುಟ್ರು ಕಣ್ರೇ!"

ಶೆಡ್ಡಿಗೆ ಶೆಡ್ಡೇ ಎದ್ದಿತು. ಮಹದೇವಪ್ಪ ತನ್ನ ಪಿಕಪ್ ಗಾಡಿ ತೆಗೆದ. ದಾರಿಯಲ್ಲಿ ಹಾರ ಕೊಂಡರು. ಕಂಪಲಾಪುರದ ಆ ಮನೆಯ ಗೇಟಿನಿಂದಲೇ ಪುಟ್ಟಲಕ್ಷ್ಮಿ, ಆ ಗುಂಪಿನಲ್ಲಿ ಅವಳ ಗಂಟಲೇ ದೊಡ್ಡದು, "ನಮ್ಮನ್ನೆಲ್ಲ ಬುಟ್ಟು ಓದ್ರಲ್ಲಪ್ಪಾ ಮೇಸ್ತ್ರೀ" ಎಂದು ಎದೆ ಬಡಿದುಕೊಂಡು ಒಳನುಗ್ಗಿದಳು. ಜಗಲಿಯ ಮೇಲೆ ಕೂತು ಮುದ್ದೆ ಮುರಿಯುತ್ತಿದ್ದ ತಿಮ್ಮಯ್ಯ ತಲೆಯೆತ್ತಿ ನೋಡಿದ.

"ಯಾರವ್ವಾ ಓಗಿದ್ದು?"

ಪುಟ್ಟಲಕ್ಷ್ಮಿಯ ಕೈ ಎದೆಯ ಮೇಲೇ ನಿಂತಿತು. "ನೀ... ನೀವೇ."

ವಿಷಯ ಬಿಡಿಸಿದಾಗ ತಿಳಿದದ್ದು ಇಷ್ಟು. ಪಟ ತಿಮ್ಮಯ್ಯನ ಅಣ್ಣನದು. ಅವನು ಸತ್ತು ವರ್ಷವಾಗಿತ್ತು, ಅದು ಮೊದಲ ವರ್ಷದ ಪುಣ್ಯಸ್ಮರಣೆ. ತಿಮ್ಮಯ್ಯನ ಹೆಸರಿದ್ದದ್ದು ಹಾಕಿಸಿದವರ ಜಾಗದಲ್ಲಿ. ಮುದುಕ ನೆತ್ತಿಗೆ ಹತ್ತುವಷ್ಟು ನಕ್ಕ. ನೀರು ಕುಡಿದು, ಹಾರವನ್ನು ಕೈಯಲ್ಲಿ ಹಿಡಿದು ತೂಗಿ ನೋಡಿದ. "ಪರವಾಗಿಲ್ಲ, ಅಣ್ಣನ ಪಟಕ್ಕಾಕಿ. ನನ್ ಸರದಿಗೆ ಇದ್ಕಿಂತ ದಪ್ಪದ್ದು ತನ್ನಿ. ಒತ್ತಿಗೆ ಸರ್ಯಾಗಿ ಬನ್ನಿ, ಆಯ್ತಾ? ಈಗ ಕೂತ್ಕಂಡು ಉಣ್ಣಿ."

ಎಲ್ಲರೂ ಉಂಡು ಏಳುವಾಗ ಅವನು ಮಾಯಮ್ಮನನ್ನು ಮಾತ್ರ ಪಕ್ಕಕ್ಕೆ ಕರೆದ. ನಗು ಹೋಗಿತ್ತು.

"ಕಣ್ಣು ಯಾವಾಗಿಂದವ್ವಾ?"

"ಎರಡು ವರ್ಸ ಆಯ್ತು, ಮೇಸ್ತ್ರಿ."

"ಯಾವ ಗುಡ್ಡೆಗೆ ಅಂತ ಗೊತ್ತಾಗ್ದೆ ಇರೋ ಎಲೆ ಬಂದ್ರೆ ಏನ್ಮಾಡು ಅಂತ ನಿಂಗೆ ಕಲ್ಸಿದ್ದೆ?"

ಮಾಯಮ್ಮನಿಗೆ ಆ ಪಾಠ ಮರೆತಿರಲಿಲ್ಲ. ಗೊತ್ತಾಗದ ಎಲೆಯನ್ನು ಅಂದಾಜಿನಲ್ಲಿ ಯಾವ ಗುಡ್ಡೆಗೂ ಹಾಕಬಾರದು. ಅದಕ್ಕೆಂದೇ ಪ್ರತಿಯೊಬ್ಬರ ಎಡಗಡೆಗೆ ಒಂದು ಸಣ್ಣ ಗುಡ್ಡೆ ಇರುತ್ತದೆ, 'ಅನುಮಾನದ ಗುಡ್ಡೆ'. ಕಡೆಯಲ್ಲಿ ಮೇಸ್ತ್ರಿ ಬಂದು ಅದನ್ನು ತೀರ್ಮಾನಿಸುತ್ತಾನೆ. ತಪ್ಪಿ ಬಿದ್ದ ನಾಲ್ಕು ಎಲೆ ಸಾಕು, ಹರಾಜಿನಲ್ಲಿ ಇಡೀ ಬೇಲು, ಎಂದರೆ ಕಟ್ಟಿದ ಮೂಟೆ, ಒಂದು ದರ್ಜೆ ಕೆಳಗಿಳಿಯಲು.

"ಪಕ್ಕಕ್ಕಿಡು ಅಂದಿದ್ರಿ," ಎಂದಳು.

"ಅಷ್ಟೇ ಕಣವ್ವ," ಎಂದು ತಿಮ್ಮಯ್ಯ ಕೈತೊಳೆಯಲು ಎದ್ದುಹೋದ.

ವಾಪಸು ಬರುವಾಗ ಪಿಕಪ್ಪಿನ ಹಿಂದೆ ನಗುವೋ ನಗು. "ಮಾಯಕ್ಕ, ನಮ್ಮತ್ತೆ ಎಸ್ರು ಬರ್ಕೊಡ್ತೀನಿ, ನಾಳೀಕೆ ಓದ್ಬುಡು," ಎಂದಳು ಪುಟ್ಟಲಕ್ಷ್ಮಿ. ಮಾಯಮ್ಮ ನಗಲಿಲ್ಲ. ಗಾಡಿ ನಿಂತ ಮೇಲೆ ಎಲ್ಲರನ್ನೂ ತಡೆದು, ಕಣ್ಣಿನ ವಿಷಯ, ಎರಡು ವರ್ಷದ ಅಂದಾಜಿನ ಓದು, ಎಲ್ಲವನ್ನೂ ಹೇಳಿಬಿಟ್ಟಳು. ನಗು ನಿಂತುಹೋಯಿತು.

"ಅಂಗಾದ್ರೆ ನೀನು ಓದಿದ್ದ ಆ ಚಿರತೆ ಬಾವಿಗೆ ಬಿದ್ದಿದ್ದು?" ಎಂದು ಯಾರೋ ಕೇಳಿದರು.

"ಬಿದ್ದಿದ್ದು ನಿಜ. ಮ್ಯಾಕೆ ಬಂದಿದ್ದು ಮಾತ್ರ ನಾನು ಕಟ್ಟಿದ್ದು."

ಮಾರನೇ ದಿನ ಮಹದೇವಪ್ಪ ಒಂದು ಸಣ್ಣ ಸ್ಪೀಕರ್ ತಂದು ಕಂಬಕ್ಕೆ ನೇತುಹಾಕಿದ. ಅವನು ಕೆಟ್ಟವನಲ್ಲ. "ಪಾಪ, ನಿನ್ನ ಕಣ್ಣಿಗ್ಯಾಕೆ ಇಂಸೆ ಮಾಯಮ್ಮ? ಮೊಬೈಲ್‌ನಾಗೆ ಸಿನಿಮಾ ಆಡು ಬತ್ತದೆ, ಸುದ್ದಿನೂ ಬತ್ತದೆ. ನೀನು ಎಲ್ಲಾರಂಗೆ ಎಲೆ ಆರ್ಸು." ಸ್ಪೀಕರಿನಲ್ಲಿ ಬಂದ ಸುದ್ದಿಯಲ್ಲಿ ಇಡೀ ಲೋಕವಿತ್ತು, ತಮ್ಮದೇ ಹುಣಸೂರು ತಾಲ್ಲೂಕಿನ ಗಾವಡಗೆರೆ ಇರಲಿಲ್ಲ. ಆ ದಿನ ಮಾಯಮ್ಮನ ಗುಡ್ಡೆಗೆ ಯಾರೂ ಹಿಡಿ ಹಾಕಲಿಲ್ಲ. ಹಾಕುವ ಕಾರಣವೂ ಇರಲಿಲ್ಲ.

ಸಂಜೆ ಅವಳು ಮಹದೇವಪ್ಪನ ಮುಂದೆ ನಿಂತಳು. "ನಂಗೊಂದು ತಿಂಗಳು ಕೊಡಿ. ಅಷ್ಟ್ರೊಳಗೆ ನಾನು ನನ್ ಕಣ್ಣಲ್ಲೇ ಪೇಪರ್ ಓದ್ನಿಲ್ಲ ಅಂದ್ರೆ ಸ್ಪೀಕರ್ ಇರ್ಲಿ."

"ಡಾಕ್ಟ್ರು ಆಗಲ್ಲ ಅಂದ್ರೆ?"

"ಏನ್ ಆಗಲ್ಲ ಅಂತಾರೆ ಅಂತ ಮೊದ್ಲು ಕೇಳ್ಕಂಡ್ ಬತ್ತೀನಿ."

ಮೈಸೂರಿನ ಡಾಕ್ಟರು ಪರೀಕ್ಷೆ ಮಾಡಿ ನಿಜ ಹೇಳಿದರು. ಕನ್ನಡಕ ಬದಲಿಸಿ ಪ್ರಯೋಜನವಿಲ್ಲ. ಸಕ್ಕರೆ ಹಿಡಿತದಲ್ಲಿದ್ದರೆ ಇರುವಷ್ಟು ದೃಷ್ಟಿ ಉಳಿಯಬಹುದು. ಅಕ್ಷರ ಸಾಕಷ್ಟು ದೊಡ್ಡದಾಗಿದ್ದರೆ ಓದಬಹುದು. ಸಾಕಷ್ಟು ಎಂದರೆ ಎಷ್ಟು? ಅದನ್ನು ಮಾಯಮ್ಮ ಮನೆಯ ಗೋಡೆಯಲ್ಲಿದ್ದ ಕ್ಯಾಲೆಂಡರಿನಿಂದ ಕಂಡುಹಿಡಿದಳು. ತಾರೀಖಿನ ಅಂಕಿ ಸಲೀಸು. ತಿಂಗಳ ಹೆಸರು ಸ್ಪಷ್ಟ. ಹಬ್ಬದ ಹೆಸರು ಇಲ್ಲ, ನಕ್ಷತ್ರ ಇಲ್ಲವೇ ಇಲ್ಲ. ತಿಂಗಳ ಹೆಸರಿನ ಅಕ್ಷರದ ಮೇಲೆ ಬೆರಳುಗಳನ್ನು ಒಂದೊಂದಾಗಿ ಇಟ್ಟು ನೋಡಿದಳು. ಕಿರುಬೆರಳ ಉಗುರಿಗೆ ಸರಿಯಾಗಿ ಕೂತಿತು. ಸಣ್ಣಬೀರಯ್ಯ ಸ್ಕೇಲು ತಂದು ಅಳೆದ: ಒಂಬತ್ತು ಮಿಲಿಮೀಟರ್. ಪತ್ರಿಕೆಯ ಅಕ್ಷರ ಮೂರು.

"ಮೂರು ಪಾಲು ದೊಡ್ಡದಾಗ್ಬೇಕು," ಎಂದ ಅವನು. "ಪೇಪರ್ನ ಎಳ್ದು ಇಗ್ಗುಸ್ಲಾ?"

"ನೀವ್ ಸುಮ್ಕಿರಿ."

ಭೂತಗನ್ನಡಿಯಿಂದ ಆಗಲಿಲ್ಲ. ಒಂದು ಸಲಕ್ಕೆ ಎರಡು ಪದ, ಅದೂ ಗಾಜಿನ ಅಂಚಿನಲ್ಲಿ ಬಾಗಿದ್ದು. ಹತ್ತು ನಿಮಿಷಕ್ಕೆ ಕೈ ನಡುಗುತ್ತಿತ್ತು. ಮೊಬೈಲಿನಲ್ಲಿ ದೊಡ್ಡದಾಗಿ ಮಾಡಿದರೆ ಆ ಹೊಳಪಿಗೆ ಕಣ್ಣಲ್ಲಿ ನೀರು. ಹುಣಸೂರಿನ ಬಸ್ ನಿಲ್ದಾಣದ ಹತ್ತಿರ ಮೊಬೈಲ್ ರಿಪೇರಿ ಅಂಗಡಿಯಿಟ್ಟಿರುವ ಜೀಶಾನ್ ಅವಳ ಮಾತನ್ನೆಲ್ಲ ಕೇಳಿ, ಕಪಾಟಿನ ಮೂಲೆಯಿಂದ ತೆಳ್ಳನೆಯ, ಬೂದುಬಣ್ಣದ ಹಲಗೆಯಂಥದ್ದೊಂದನ್ನು ತೆಗೆದ.

"ಇದು ಇ-ರೀಡರ್ ಅಂತಮ್ಮಾ. ಪುಸ್ತಕ ಓದೋಕೆ ಮಾತ್ರ. ಒಬ್ಬ ಮೇಷ್ಟ್ರು ರಿಪೇರಿ ದುಡ್ಡಿನ ಬದಲಿಗೆ ಕೊಟ್ಟು ಹೋದ್ರು, ಯಾರೂ ಕೇಳೇ ಇಲ್ಲ. ಹಾಡು ಬರಲ್ಲ, ಬಣ್ಣ ಇಲ್ಲ, ಫೋಟೋನೂ ಮಬ್ಬು. ಈ ಕಾಲದಲ್ಲಿ ಯಾರ್ಗೆ ಬೇಕು ಹೇಳಿ?"

ಮಾಯಮ್ಮ ಅದನ್ನು ಅಂಗಡಿಯ ಬಾಗಿಲಿಗೆ ತಂದು ಬೆಳಕಿಗೆ ಹಿಡಿದಳು, ಎಲೆ ಹಿಡಿದಂತೆಯೇ. ಹೊಳಪಿಲ್ಲ. ಕಾಗದದ ಮೇಲೆ ಬರೆದಂತೆ ಅಕ್ಷರ ಅಲ್ಲಾಡದೆ ಕೂತಿತ್ತು. ಕಿರುಬೆರಳು ಚಾಚಿದಳು. "ಅಕ್ಸರ ಈ ಉಗುರಿನಷ್ಟಾಗ್ತದಾ?"

ಜೀಶಾನ್ ಒತ್ತುತ್ತ ಹೋದ. ಉಗುರಿನಷ್ಟಾಯಿತು. ಅದರೊಳಗಿದ್ದ ಯಾವುದೋ ಕನ್ನಡ ಕಥೆಯ ಒಂದು ಸಾಲನ್ನು ಮಾಯಮ್ಮ ಅಂಗಡಿಯ ಮೆಟ್ಟಿಲ ಮೇಲೆ ನಿಂತು ಓದಿದಳು. ಎರಡು ವರ್ಷದ ಮೇಲೆ, ಅಂದಾಜು ಮಾಡದೆ ಓದಿದ ಮೊದಲ ಸಾಲು. ಇನ್ನೊಂದನ್ನೂ ಓದಿದಳು. ಜೀಶಾನ್ ಗಿರಾಕಿಗಳನ್ನು ಬಿಟ್ಟು ಬಾಗಿಲಿಗೆ ಬಂದ. "ತಗೊಂಡೋಗಿ ಅಮ್ಮಾ. ತಿಂಗಳು ಇಟ್ಕೊಂಡು ನೋಡಿ. ಆಗ್ಲಿಲ್ಲಾಂದ್ರೆ ವಾಪಸ್ ಕೊಡಿ," ಎಂದ.

ಆದರೆ 'ನಾಲ್ಕೂರ ಸುದ್ದಿ' ಅದರೊಳಗೆ ಬರಲು ಒಪ್ಪಲಿಲ್ಲ. ಪತ್ರಿಕೆಯವರು ದಿನಾ ಸಂಜೆ, ಪೇಪರ್ ಮಾರಾಟವಾದ ಮೇಲೆ, ವಾಟ್ಸಾಪಿಗೆ ಬಿಡುವ ಪುಟಗಳನ್ನು ಜೀಶಾನ್ ಅದರಲ್ಲಿ ಹಾಕಿದ. ಇಡೀ ಪುಟ ಅಂಗೈಯಗಲಕ್ಕೆ ಕುಗ್ಗಿತು. ಹಿಗ್ಗಿಸಿದರೆ ಸಾಲುಗಳು ಅರ್ಧಕ್ಕೆ ಕತ್ತರಿಸಿದವು. ಪ್ರತಿ ಸಾಲಿಗೂ ಬಲಕ್ಕೆ ಎಳೆದು ಮತ್ತೆ ಎಡಕ್ಕೆ ತಳ್ಳಬೇಕು, ಪ್ರತಿ ಎಳೆತಕ್ಕೂ ಪರದೆ ಒಮ್ಮೆ ಕಪ್ಪಾಗಿ ಮಿನುಗಬೇಕು. ಅಕ್ಷರಗಳನ್ನು ಮಾತ್ರ ಬೇರೆ ಮಾಡಿ ಹಾಕಲು ನೋಡಿದ. ಆಗ ಬಂದದ್ದು ಕನ್ನಡವೇ ಅಲ್ಲ. ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕೆ, ಗೆರೆಗಳ ಕಲಸುಮೇಲೋಗರ.

"ಅವರು ಹಳೇ ಕಾಲದ ಫಾಂಟಲ್ಲಿ ಟೈಪ್ ಮಾಡ್ತಾರಮ್ಮ. ಅವರ ಕಂಪ್ಯೂಟರಲ್ಲಿ ಮಾತ್ರ ಅದು ಕನ್ನಡ. ಆಚೆ ಬಂದ್ರೆ ಹಿಂಗೆ."

ಮಾಯಮ್ಮ ಯೋಚಿಸಿ ಕೇಳಿದಳು. "ಒಗೆಸೊಪ್ಪಿನ ಬೇಲ್‌ಗೆ ಕಟ್ಟೋ ಚೀಟಿ ಇದ್ದಂಗಾ? ನಂಬರು ಬರ್ದಿರ್ತಾರೆ. ಆ ಹರಾಜು ಕಟ್ಟೆ ಪುಸ್ತಕ ಇದ್ದೋರ್ಗೆ ಮಾತ್ರ ಅದ್ಯಾರ ಬೇಲು ಅಂತ ಗೊತ್ತಾಗೋದು."

ಜೀಶಾನ್ ಅವಳನ್ನೇ ನೋಡಿದ. "ಹೌದು. ಅದೇ."

"ಅಂಗಾದ್ರೆ ಪುಸ್ತಕ ಇರೋರ್ನೇ ಕೇಳ್ಬೇಕು."

ಪತ್ರಿಕೆಯ ಕಚೇರಿ ಹುಣಸೂರಿನ ಒಂದು ಅಂಗಡಿ ಸಾಲಿನ ಮಹಡಿಯ ಮೇಲಿತ್ತು. ಸಂಪಾದಕ ಲಿಂಗರಾಜು, ಟೈಪು ಮಾಡಿ ಪುಟ ಕಟ್ಟುವ ಪ್ರಮೀಳಾ, ಒಂದು ಫ್ಯಾನು, ಎರಡು ಕಂಪ್ಯೂಟರು. ಮಾಯಮ್ಮ ಇ-ರೀಡರನ್ನು ಸೆರಗಿನಿಂದ ತೆಗೆದು ಮೇಜಿನ ಮೇಲಿಟ್ಟಾಗ ಲಿಂಗರಾಜು ಅದನ್ನೂ ಅವಳನ್ನೂ ಎರಡೆರಡು ಸಲ ನೋಡಿದ.

"ಇದಕ್ಕೆ ಬೇರೆ ಕಳಿಸ್ಬೇಕಾ? ನೋಡಿಯಮ್ಮ, ನಾವಿರೋದೇ ಇಬ್ಬರು. ನಾಲ್ಕು ತಾಲ್ಲೂಕಿನ ವರದಿಗಾರರು ಕಳಿಸೋದನ್ನ ತಿದ್ದೋ ಹೊತ್ತಿಗೇ ಜೀವ ಹೋಗುತ್ತೆ. ಅಲ್ಲದೆ ಹೀಗೆ ಪುಕ್ಕಟೆ ಕೊಟ್ಟರೆ ಪೇಪರ್ ಯಾರು ತಗೋತಾರೆ?"

"ನಮ್ ಶೆಡ್ಗೆ ದಿನಾ ಪೇಪರ್ ಬಂದೇ ಬತ್ತದೆ ಸ್ವಾಮಿ. ನಿಲ್ಲಾಕಿಲ್ಲ. ಓದಿ ಆದ್ಮ್ಯಾಕೆ ಎಲ್ಲಾರ್ ಮನೇಗೂ ಅದು ಬೇಕು, ಆಸಾಕೆ ಕಟ್ಟಾಕೆ."

"ಆದರೂ ಆಗಲ್ಲಮ್ಮ."

ಮಾಯಮ್ಮ ಬೆಂಚಿನ ಮೇಲೆ ಕೂತಳು. ಜಗಳ ಮಾಡಲಿಲ್ಲ. ಗೋಡೆಗೆ ಹೇಳುವಂತೆ ಶುರುಮಾಡಿದಳು. "ನಾಕು ವರ್ಸದ ಇಂದೆ ಗಾವಡಗೆರೆ ಸಂತೆ ಸುದ್ದೀನ ಕೆ.ಆರ್. ನಗರದ ಪುಟದಾಗೆ ಆಕಿದ್ರಿ. ಆ ಸಂಕ್ರಾಂತಿ ಮುಂದೆ ಒಂದೇ ಪಟಾನ ಇಬ್ಬರ ನಿಧನಕ್ಕೆ ಆಕಿದ್ರಿ, ಒಬ್ಬರು ಗಂಡ್ಸು ಒಬ್ಬರು ಎಂಗ್ಸು. ಆಮೇಕೆ ಒಂದಿನ ಉತ್ತರಕ್ರಿಯೆ ತಾರೀಕು ಸಾಯೋದ್ಕಿಂತ ಮುಂಚೆ ಇತ್ತು."

ಪ್ರಮೀಳಾ ಬಾಯಿಗೆ ಕೈ ಅಡ್ಡ ಹಿಡಿದಳು. ಲಿಂಗರಾಜುವಿನ ಕಿವಿ ಕೆಂಪಾಯಿತು. "ಇದೆಲ್ಲ ನಿಮಗೆ ಹೇಗೆ ನೆನಪಿದೆ?"

"ಹನ್ನೊಂದು ಜನ ಕೇಳ್ತಾರೆ. ನಾಕೂ ತಾಲ್ಲೂಕಿನಾಗೂ ಯಾರದಾರ ತವರುಮನೆ ಐತೆ. ತಪ್ಪಿದ್ರೆ ಅವತ್ತೇ ಗೊತ್ತಾಯ್ತದೆ. ನೀವು ಕಳ್ಸಿ. ತಪ್ಪು ಕಂಡ್ರೆ ಮದ್ಯಾನದೊಳಗೆ ನಾನು ಫೋನ್ ಮಾಡಿ ಏಳ್ತೀನಿ."

ಲಿಂಗರಾಜು ಪ್ರಮೀಳಾಳ ಕಡೆ ತಿರುಗಿದ. ಅವಳು ಆಗಲೇ ಕಂಪ್ಯೂಟರಿನಲ್ಲಿ ಏನೋ ಮಾಡುತ್ತಿದ್ದಳು. "ಬದಲಾಯಿಸೋ ಸಾಫ್ಟ್‌ವೇರ್ ಇದೆ ಸರ್. ಪುಟ ಮುಗಿದ ಮೇಲೆ ಹತ್ತು ನಿಮಿಷದ ಕೆಲಸ. ಕೆಲವು ಒತ್ತಕ್ಷರ ಒಡೆದುಹೋಗುತ್ತೆ, ಅಷ್ಟೆ."

"ಒಡ್ದಿರೋದನ್ನ ಒಡ್ದದೆ ಅಂತೀನಿ, ಬುಡಿ," ಎಂದಳು ಮಾಯಮ್ಮ. "ಇನ್ನೊಂದು ಕೆಲ್ಸ ಮಾಡವ್ವಾ. ಕೊನೇ ಪುಟದ ಚೌಕಗಳ್ನ ಮೊದ್ಲು ಆಕು. ಒಂದೊಂದರ ತಲೆ ಮ್ಯಾಲೂ ಇದು ನಿಧನ, ಇದು ಪುಣ್ಯಸ್ಮರಣೆ ಅಂತ ಬರ್ದು, ಆಮೇಕೆ ಎಸ್ರು ಆಕು. ಎಸ್ರು ಮೊದ್ಲು ಬರ್ಬಾರ್ದು."

ಯಾಕೆಂದು ಪ್ರಮೀಳಾ ಕೇಳಿದಳು. ಮಾಯಮ್ಮ ತಿಮ್ಮಯ್ಯನ ಮುದ್ದೆಯ ಕಥೆ ಹೇಳಿದಳು. ಲಿಂಗರಾಜು ನಕ್ಕು ನಕ್ಕು, ಮೂವರಿಗೂ ಟೀ ಹೇಳಿದ.

ಮಾರನೇ ದಿನದಿಂದ ಬೆಳಿಗ್ಗೆ ಏಳಕ್ಕೆ ಪ್ರಮೀಳಾ ಕಳಿಸಿದ ಪತ್ರಿಕೆ, ಸಣ್ಣಬೀರಯ್ಯನ ಮೊಬೈಲಿನಿಂದ ನೆಟ್ ಸಿಕ್ಕ ಕೂಡಲೇ, ಆ ಬೂದು ಹಲಗೆಯೊಳಗೆ ತಾನೇ ಬಂದು ಕೂರತೊಡಗಿತು. ಓದು ಮಾತ್ರ ತಾನೇ ಬರಲಿಲ್ಲ. ಉಗುರಿನಷ್ಟು ಅಕ್ಷರವಾದರೆ ಪರದೆಗೆ ಒಂಬತ್ತು ಸಾಲು, ಸಾಲಿಗೆ ಎರಡು ಮೂರು ಪದ, ಒಟ್ಟು ಇಪ್ಪತ್ತು ಪದ. ಮೊದಲಿನಷ್ಟು ಸುದ್ದಿ ಓದಬೇಕಾದರೆ ನೂರು ಸಲ ಪುಟ ತಿರುವಬೇಕು. ತಿರುವುವಾಗ ಒಂದು ಕ್ಷಣ ಪರದೆ ಖಾಲಿ. ವಾಕ್ಯ ಅಲ್ಲಿ ಮುರಿದುಬೀಳುತ್ತಿತ್ತು. ಮಾಯಮ್ಮ ಕೊಟ್ಟಿಗೆಯಲ್ಲಿ ಎಮ್ಮೆಯ ಮುಂದೆ ಕೂತು ಅಭ್ಯಾಸ ಮಾಡಿದಳು. ಕೊನೆಯ ಎರಡು ಪದವನ್ನು ಕಣ್ಣು ಮೊದಲೇ ನುಂಗಿಕೊಳ್ಳಬೇಕು, ಬಾಯಿ ಅವನ್ನು ಹೇಳುತ್ತಿರುವಾಗ ಬೆರಳು ಪುಟ ತಿರುವಬೇಕು. ಹನ್ನೆರಡನೆಯ ದಿನ ಓದು ಹರಿಯಿತು. "ಎಮ್ಮೆ ಎಲ್ಡು ತಾಲ್ಲೂಕಿನ ಸಮಾಚಾರ ಬಾಯಿಪಾಠ ಮಾಡ್ಬುಟ್ಟದೆ," ಎಂದ ಸಣ್ಣಬೀರಯ್ಯ.

ಹದಿಮೂರನೆಯ ದಿನ ಮಹದೇವಪ್ಪ ಸ್ಪೀಕರನ್ನು ಬಂದ್ ಮಾಡಿದ. ಮಾಯಮ್ಮ ಉತ್ತರದ ಕಿಟಕಿಯ ಕೆಳಗೆ, ತನ್ನ ಹಳೆಯ ಜಾಗದಲ್ಲಿ ಕೂತು ಓದಿದಳು. ಎಲೆಗೆ ಒಗ್ಗಿದ ಬೆಳಕು ಆ ಪರದೆಗೂ ಒಗ್ಗಿತು. ಮೂರನೆಯ ಸುದ್ದಿಯಲ್ಲಿ ಒಂದು ಪದ ಒಡೆದಿತ್ತು. ಅವಳು ನಿಲ್ಲಿಸಿ, "ಅನುಮಾನ" ಎಂದು ಗಟ್ಟಿಯಾಗಿ ಹೇಳಿ ಮುಂದೆ ಹೋದಳು.

"ಅಂಗಂದ್ರೆ?" ಎಂದಳು ಪುಟ್ಟಲಕ್ಷ್ಮಿ.

"ಈ ಪದ ನಂಗೆ ಗೊತ್ತಾಗ್ಲಿಲ್ಲ. ಅನುಮಾನದ ಗುಡ್ಡೆಗೆ."

"ಮದ್ಲೇ ಇಂಗೆ ಮಾಡಿದ್ರೆ ಒಂದು ಊವಿನಾರ ಉಳೀತಿತ್ತು," ಎಂದು ಪುಟ್ಟಲಕ್ಷ್ಮಿ ಎಲೆ ಆರಿಸುತ್ತಲೇ ಗೊಣಗಿದಳು. ಹತ್ತೂಮುಕ್ಕಾಲಕ್ಕೆ ಕಾಗದದ ಪತ್ರಿಕೆ ಬಂದಾಗ ಮಹದೇವಪ್ಪ ಬೆರಳಿಟ್ಟು ತಾಳೆ ನೋಡಿದ. ತಪ್ಪಿರಲಿಲ್ಲ. ಆದರೂ ಪೇಪರ್ ಪಾಲು ಬರಲಿಲ್ಲ. ಹೀಗೇ ಎಂಟು ದಿನ. ಬೆಳಿಗ್ಗೆ ಮಾಯಮ್ಮ ಓದುವಳು, ಎಲ್ಲರೂ ಕೇಳುವರು, ಬಸ್ಸು ಬಂದ ಮೇಲೆ ಮಹದೇವಪ್ಪ ತಾಳೆ ನೋಡುವನು, ಆಮೇಲಷ್ಟೇ ಎಲ್ಲರೂ ನಂಬುವರು. ಎರಡು ವರ್ಷ ಹಾಳಾದದ್ದು ಎಂಟು ದಿನಕ್ಕೆ ಸರಿಹೋಗಲಿ ಎಂದು ಕೇಳುವುದು ನ್ಯಾಯವಲ್ಲವೆಂದು ಮಾಯಮ್ಮನಿಗೂ ಗೊತ್ತಿತ್ತು.

ಒಂಬತ್ತನೆಯ ದಿನ ಒಂಬತ್ತೂವರೆಗೆ ಅವಳು ಹಲಗೆಯನ್ನು ತೆರೆದಳು. ಮೊದಲ ಸಾಲು: ನಿಧನ. ಎರಡನೆಯ ಸಾಲನ್ನು ಬಾಯಿಗಿಂತ ಮುಂಚೆ ಕಣ್ಣು ಓದಿತು. ಬಾಯಿ ತೆರೆಯಲಿಲ್ಲ. ಪುಟ ತಿರುವಿದಳು, ವಾಪಸು ಬಂದಳು, ಮತ್ತೆ ಮೊದಲಿನಿಂದ ಒಂದೊಂದೇ ಅಕ್ಷರ ನೋಡಿದಳು.

"ಯಾಕೆ ಮಾಯಕ್ಕ, ನೆಟ್ಟು ಓಯ್ತಾ?"

"ನಿಧನ," ಎಂದು ಓದಿದಳು ಮಾಯಮ್ಮ. "ಕಂಪಲಾಪುರದ ನಿವಾಸಿ ತಿಮ್ಮಯ್ಯ, ಎಂಬತ್ತೊಂದು ವರ್ಷ, ನಿನ್ನೆ ಮಧ್ಯಾಹ್ನ ನಿಧನರಾದರು. ಅಂತ್ಯಕ್ರಿಯೆ ಇಂದು ಬೆಳಿಗ್ಗೆ ಹನ್ನೊಂದು ಗಂಟೆಗೆ ಗ್ರಾಮದ ಅವರ ಜಮೀನಿನಲ್ಲಿ."

ಯಾರೋ ಕಿಸಕ್ಕನೆ ನಕ್ಕರು. ನಗು ಸಾಲಿನುದ್ದಕ್ಕೂ ಹಬ್ಬಿತು. "ಮತ್ತೆ ಸಾಯ್ಸುದ್ಲು ಕಣ್ರೇ! ಪಾಪ ಆ ಮುದ್ಕ ಎಷ್ಟು ಸಲ ಸಾಯ್ಬೇಕೇ ಯವ್ವಾ?"

ಮಹದೇವಪ್ಪ ತಿಮ್ಮಯ್ಯನ ನಂಬರಿಗೆ ಫೋನು ಮಾಡಿದ. ರಿಂಗಾಯಿತು, ಯಾರೂ ಎತ್ತಲಿಲ್ಲ. ಇನ್ನೊಮ್ಮೆ ಮಾಡಿದ. "ಒಂದ್ ಕೆಲ್ಸ ಮಾಡಾನ," ಎಂದ. "ಬ್ಯಾಡ ಅಂತಲ್ಲ. ಅತ್ತೂಮುಕ್ಕಾಲ್ಗೆ ಪೇಪರ್ ಬತ್ತದೆ, ನೋಡ್ಕಂಡು ಒಂಟ್ರಾಯ್ತು. ಆವತ್ತಿನಂಗೆ ಇನ್ನೊಂದ್ಸಲ ಆದ್ರೆ ಊರೋರು ನಗ್ತಾರೆ."

"ಕಂಪಲಾಪುರಕ್ಕೆ ನಲವತ್ತು ನಿಮಿಷ," ಎಂದಳು ಮಾಯಮ್ಮ. "ಪೇಪರ್ ನೋಡ್ಕಂಡು ಒಂಟ್ರೆ ಅನ್ನೊಂದೂ ಇಪ್ಪತ್ತೈದು. ಅಷ್ಟೊತ್ತಿಗೆ ಮಣ್ಣಾಗಿರ್ತದೆ. ಒತ್ತಿಗೆ ಸರ್ಯಾಗಿ ಬನ್ನಿ ಅಂದಿದ್ರು."

ಪುಟ್ಟಲಕ್ಷ್ಮಿ ಕೈಯಲ್ಲಿದ್ದ ಎಲೆಯನ್ನು ಕೆಳಗಿಡದೆ ಕೇಳಿದಳು.

"ಮಾಯಕ್ಕ. ಅನುಮಾನದ ಗುಡ್ಡೆಗಾ?"

"ಇಲ್ಲ. ಇದ್ರಲ್ಲಿ ಅನುಮಾನ ಇಲ್ಲ."

ಪುಟ್ಟಲಕ್ಷ್ಮಿ ಆ ಎಲೆಯನ್ನು ಕಿತ್ತಳೆ ಗುಡ್ಡೆಗೆ ಹಾಕಿ ಎದ್ದಳು. ಸೆರಗು ಸಿಕ್ಕಿಸಿದಳು. "ಏಳ್ರೇ. ಎಂಟು ದಿನದಿಂದ ನೋಡ್ತಾ ಇವ್ನಿ. ಗೊತ್ತಿಲ್ದೆ ಇದ್ರೆ ಗೊತ್ತಿಲ್ಲ ಅಂತಾಳೆ. ಗೊತ್ತು ಅಂದ್ಮ್ಯಾಕೆ ಗೊತ್ತು. ಮಾದೇವಪ್ಪಾರೇ, ಗಾಡಿ ತೆಗೀರಿ."

ದಾರಿಯಲ್ಲಿ ಕೊಂಡ ಹಾರ ಇಬ್ಬರು ಹಿಡಿಯುವಷ್ಟು ದಪ್ಪವಿತ್ತು. ಗಾಡಿ ಆ ಬೀದಿಗೆ ತಿರುಗಿದಾಗ ಮನೆಯ ಮುಂದೆ ಶಾಮಿಯಾನ ಕಂಡಿತು. ಹತ್ತೂ ಇಪ್ಪತ್ತೆಂಟು. ಈ ಸಲ ಪುಟ್ಟಲಕ್ಷ್ಮಿ ಗೇಟಿನಲ್ಲಿ ಕೂಗಲಿಲ್ಲ. ಹನ್ನೆರಡು ಹೆಂಗಸರೂ ಸದ್ದಿಲ್ಲದೆ ಒಳಗೆ ಹೋಗಿ ಬೆಂಚಿನ ಮೇಲೆ ಮಲಗಿದ್ದ ಮೇಸ್ತ್ರಿಗೆ ಹಾರ ಹಾಕಿದರು. ಅವರಿಗೆಲ್ಲ ಎಲೆ ಆರಿಸಲು ಕಲಿಸಿದ್ದು ಅವನ ಕೈ. ಒಬ್ಬೊಬ್ಬಳೂ ಆ ಕೈಯನ್ನು ಮುಟ್ಟಿ ಸರಿದಳು.

ತಿಮ್ಮಯ್ಯನ ಮಗಳು ಮಾಯಮ್ಮನನ್ನು ಕಂಡು ಹತ್ತಿರ ಬಂದಳು. "ನಿಮಗ್ಯಾರಿಗೂ ಫೋನ್ ಮಾಡಕ್ಕಾಗ್ಲಿಲ್ಲ ಅಕ್ಕ. ಆವತ್ತು ನೀವೆಲ್ಲ ಬಂದೋದ ಮೇಲೆ ಅಪ್ಪನೇ ಹೇಳಿದ್ರು: ನಾನು ಹೋದ್ರೆ ಪೇಪರಿಗೆ ಹಾಕ್ಸು ಸಾಕು, ಮಾಯಮ್ಮ ಓದ್ತಾಳೆ ಅಂತ. ಕಣ್ಣು ಕಾಣಲ್ವಂತಲ್ಲಪ್ಪ ಅಂದೆ. ಓದ್ತಾಳೆ, ನೀನು ಹಾಕ್ಸು ಅಂದ್ರು."

ಮಾಯಮ್ಮ ತಲೆಯಾಡಿಸಿದಳು. ಹನ್ನೊಂದಕ್ಕೆ ಸರಿಯಾಗಿ ಹೆಣ ಎತ್ತಿದರು.

ಮರುದಿನ ಶೆಡ್ಡಿನಲ್ಲಿ ಸ್ಪೀಕರ್ ಇರಲಿಲ್ಲ. ಮಹದೇವಪ್ಪ ಅದನ್ನು ಮನೆಗೆ ಒಯ್ದಿದ್ದ. ಕಂಬದ ಮೊಳೆಗೆ ಯಾರದೋ ಊಟದ ಚೀಲ ನೇತಾಡುತ್ತಿತ್ತು. ಮಾಯಮ್ಮ ಕಿಟಕಿಯ ಕೆಳಗೆ ಕೂತು ಹಲಗೆಯನ್ನು ಒರೆಸುತ್ತಿರುವಾಗ ಪುಟ್ಟಲಕ್ಷ್ಮಿ ಎದ್ದು ಬಂದಳು. ಅವಳ ಕೈಯಲ್ಲಿ ನಿಂಬೆ ಬಣ್ಣದ, ಒಂದು ಚುಕ್ಕೆಯೂ ಇಲ್ಲದ ಎಲೆಗಳ ಒಂದು ಹಿಡಿ. ಅದನ್ನು ಮಾಯಮ್ಮನ ಮುಂದಿಟ್ಟು ತನ್ನ ಜಾಗಕ್ಕೆ ಹೋದಳು. ಹಿಂದೆಯೇ ಇನ್ನೊಬ್ಬಳು ಬಂದಳು, ಅವಳ ಹಿಂದೆ ಮತ್ತೊಬ್ಬಳು. ಹನ್ನೊಂದನೆಯ ಹಿಡಿ ಬೀಳುವವರೆಗೆ ಮಾಯಮ್ಮ ಕಾದಳು.

"ಶುರು ಮಾಡಕ್ಕಾ," ಎಂದಳು ಪುಟ್ಟಲಕ್ಷ್ಮಿ. "ಇವತ್ತಾದ್ರೂ ಆನೆ ಬಂದದಾ ನೋಡು."

ಮಾಯಮ್ಮ ಹಲಗೆಯನ್ನು ಬೆಳಕಿಗೆ ಹಿಡಿದು ಮೊದಲ ಸಾಲನ್ನು ಓದಿದಳು.